ಮೊಟ್ಟೆಕೋಳಿಗೆ ಪಾಚಿ ಪುಡಿ: ಯಾರಿಗೆ ಬೇಕು, ಯಾರಿಗೆ ಬೇಡ

(ಮಹಿಳಾ ಹಾಲು ಉತ್ಪಾದಕರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯಕೀಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಬರಹ ರೂಪ)



ಹಾಲಿನ ಸಭೆಯಲ್ಲಿ ಕೋಳಿಯ ಮಾತೇಕೆ ಎಂದು ಕೆಲವರಿಗಾದರೂ ಅನಿಸಬಹುದು. ಕಾರಣವಿದೆ. ನಮ್ಮ ಸದಸ್ಯರ ಮನೆಗಳಲ್ಲಿ ಮುಂದೆ ಕೊಟ್ಟಿಗೆ ಇದ್ದರೆ ಹಿತ್ತಿಲಲ್ಲಿ ನಾಲ್ಕಾರು ಕೋಳಿಗಳೂ ಇರುತ್ತವೆ. ಹಾಲಿನ ಹಣ ಬಟವಾಡೆಯ ದಿನ ಬರುತ್ತದೆ, ಹಿಂಡಿ, ಸಾಲ, ಮಕ್ಕಳ ಶಾಲೆ ಎಂದು ಅಂದೇ ಹಂಚಿಹೋಗುತ್ತದೆ. ಮೊಟ್ಟೆ ಮಾರಿದ ಹಣ ಮಾತ್ರ ಮನೆಯಾಕೆಯ ಕೈಯಲ್ಲಿ, ಸಾಸಿವೆ ಡಬ್ಬಿಯಲ್ಲಿ ಉಳಿಯುತ್ತದೆ. ಈಚೆಗೆ ಆ ಡಬ್ಬಿಗೆ ಕೈಹಾಕುವ ಸರಕೊಂದು ಊರೂರಿಗೆ ಬರುತ್ತಿದೆ. ಹಸಿರು ಬಣ್ಣದ ಪುಡಿ. ತರುವವರು ಹೆಚ್ಚಾಗಿ ಬಟವಾಡೆಯ ದಿನವೇ ಹಾಲಿನ ಡೇರಿಯ ಮುಂದೆ ನಿಲ್ಲುತ್ತಾರೆ. “ಇದು ಪಾಚಿಯಿಂದ ಮಾಡಿದ್ದು, ಕೋಳಿಗೆ ಹಾಕಿ, ದಿನಕ್ಕೊಂದು ಮೊಟ್ಟೆ, ಕೆಂಪು ಭಂಡಾರ, ರೋಗವಿಲ್ಲ” ಎನ್ನುತ್ತಾರೆ. ಹೋದ ಊರಲ್ಲೆಲ್ಲ ನಿಮ್ಮಲ್ಲಿ ಹಲವರು ಈ ಪುಡಿಯ ಬಗ್ಗೆ ನನ್ನನ್ನು ಕೇಳಿದ್ದೀರಿ. ನಿಂತ ಕಾಲಲ್ಲಿ ಉತ್ತರ ಹೇಳುವ ವಿಷಯ ಅದಲ್ಲವಾದ್ದರಿಂದ ಇಂದು ಬಿಡಿಸಿ ಹೇಳುತ್ತೇನೆ.

ಮೊದಲಿಗೆ ಒಂದು ಮಾತು. ಈ ಪುಡಿ ಪೂರ್ತಿ ಮೋಸವೇನೂ ಅಲ್ಲ. ಸ್ಪಿರುಲಿನ ಎಂಬ ಹೆಸರು ನಿಮ್ಮ ಕಿವಿಗೂ ಬಿದ್ದಿರಬಹುದು. ಕಣ್ಣಿಗೆ ಕಾಣದಷ್ಟು ಸಣ್ಣ, ಸುರುಳಿ ಆಕಾರದ ನೀಲಿ-ಹಸಿರು ಪಾಚಿ ಅದು. ಆಫ್ರಿಕಾದ ಚಾಡ್ ಸರೋವರದ ಸುತ್ತಲ ಜನ ಅದನ್ನು ನೀರಿನಿಂದ ಸೋಸಿ, ಮರಳಿನ ಮೇಲೆ ಒಣಗಿಸಿ, ಸಾರಿಗೆ ಹಾಕಿ ಉಣ್ಣುತ್ತ ಬಂದಿದ್ದಾರೆ. ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವೂ ಇದನ್ನು ತೊಟ್ಟಿಗಳಲ್ಲಿ ಬೆಳೆಸುವ ವಿಧಾನಗಳ ಮೇಲೆ ಕೆಲಸ ಮಾಡಿದೆ. ಒಣಗಿದ ಪುಡಿಯಲ್ಲಿ ನೂರಕ್ಕೆ 55ರಿಂದ 70ರಷ್ಟು ಪ್ರೋಟೀನು ಇರುತ್ತದೆ. ಹಳದಿ, ಕಿತ್ತಳೆ ಬಣ್ಣದ ದ್ರವ್ಯಗಳೂ ಧಾರಾಳವಾಗಿರುತ್ತವೆ. ಇಷ್ಟೆಲ್ಲ ನಿಜ. ನಿಮ್ಮ ಹಿತ್ತಿಲಿನ ಹೇಂಟೆಗೆ ಇದರಿಂದ ಏನು ಬರುತ್ತದೆ ಎನ್ನುವುದನ್ನು ಮಾತ್ರ ಲೆಕ್ಕ ಹಾಕಿ ನೋಡಬೇಕು.

ಭಂಡಾರದ ಬಣ್ಣವನ್ನು ಮೊದಲು ತೆಗೆದುಕೊಳ್ಳೋಣ. ಮಾರುವವರು ಹೇಳುವ ಮಾತುಗಳಲ್ಲಿ ನಿಜವಾದದ್ದು ಇದೊಂದೇ. ಕೋಳಿ ತನ್ನ ದೇಹದಲ್ಲಿ ಹಳದಿ ಬಣ್ಣವನ್ನು ತಾನೇ ತಯಾರಿಸಲಾರದು. ತಿಂದ ಮೇವಿನಿಂದಲೇ ಬಣ್ಣ ಭಂಡಾರಕ್ಕೆ ಇಳಿಯಬೇಕು. ರಾಗಿ, ನುಚ್ಚಕ್ಕಿ, ತೌಡು, ಬಿಳಿ ಜೋಳ ಇವುಗಳಲ್ಲಿ ಆ ಬಣ್ಣ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದಲೇ ಬೇಸಿಗೆಯಲ್ಲಿ ಹಸಿರು ಒಣಗಿದಾಗ ನಾಟಿ ಮೊಟ್ಟೆಯ ಭಂಡಾರವೂ ಪೇಲವವಾಗುತ್ತದೆ. ಮುಂಗಾರು ಬಿದ್ದು ಗರಿಕೆ ಚಿಗುರಿದ ಎರಡು ವಾರಕ್ಕೆ ಮತ್ತೆ ಗಾಢವಾಗುತ್ತದೆ. ಇದನ್ನು ನೀವು ನನಗಿಂತ ಹೆಚ್ಚಾಗಿ ಕಂಡಿದ್ದೀರಿ. ಮೇವಿನಲ್ಲಿ ನೂರಕ್ಕೆ ಒಂದೆರಡು ಭಾಗ ಸ್ಪಿರುಲಿನ ಬೆರೆಸಿದರೂ ಹೀಗೆಯೇ ಸುಮಾರು ಹತ್ತು ದಿನಗಳಲ್ಲಿ ಬಣ್ಣ ಏರುತ್ತದೆ. ದೊಡ್ಡ ಫಾರಂಗಳವರು ಭಂಡಾರದ ಬಣ್ಣವನ್ನು ಬೀಸಣಿಗೆಯಂತೆ ಬಿಚ್ಚುವ ಬಣ್ಣದ ಪಟ್ಟಿಗಳ ಪಕ್ಕ ಹಿಡಿದು, ತಿಳಿ ಹಳದಿಯಿಂದ ಗಾಢ ಕಿತ್ತಳೆಯವರೆಗೆ ಅಂಕ ಕೊಟ್ಟು ಅಳೆಯುತ್ತಾರೆ.

ಆದರೆ ಅದೇ ಬಣ್ಣ ಮುಸುಕಿನ ಜೋಳದಲ್ಲಿದೆ. ಕುದುರೆ ಮೆಂತೆಯಲ್ಲಿದೆ, ನುಗ್ಗೆ ಸೊಪ್ಪಿನಲ್ಲಿದೆ, ಚೆಂಡುಹೂವಿನ ದಳದಲ್ಲಿದೆ. ಗುಂಡ್ಲುಪೇಟೆ ಕಡೆ ಕಾರ್ಖಾನೆಗಳಿಗೆಂದೇ ಎಕರೆಗಟ್ಟಲೆ ಚೆಂಡುಹೂ ಬೆಳೆಯುತ್ತಾರಲ್ಲ, ಅಂಥ ಹೂವಿನಿಂದ ತೆಗೆದ ಬಣ್ಣ ದೇಶವಿದೇಶಗಳ ಕೋಳಿ ಆಹಾರಕ್ಕೂ ಹೋಗುತ್ತದೆ. ಹಬ್ಬ ಮುಗಿದ ಮೇಲೆ ಬಾಗಿಲಿಂದ ಇಳಿಸಿದ ಚೆಂಡುಹೂವಿನ ಹಾರವನ್ನು ತಿಪ್ಪೆಗೆ ಎಸೆಯುತ್ತೀರಿ. ಔಷಧಿ ಸಿಂಪಡಿಸದೆ ನಿಮ್ಮ ಹಿತ್ತಿಲಲ್ಲೇ ಬೆಳೆದ ಹೂವಾದರೆ ದಳ ಬಿಡಿಸಿ ನೆರಳಲ್ಲಿ ಒಣಗಿಸಿ, ಪುಡಿ ಮಾಡಿ ಮೇವಿಗೆ ಬೆರೆಸಿ. ಪೇಟೆಯಿಂದ ತಂದ ಹೂವು ಬೇಡ, ಅದಕ್ಕೆ ಏನೇನು ಹೊಡೆದಿರುತ್ತಾರೋ ನಮಗೆ ತಿಳಿಯದು.

ಇನ್ನೊಂದು ವಿಷಯ. ಬಣ್ಣ ಗಾಢವಾದ ಮಾತ್ರಕ್ಕೆ ಮೊಟ್ಟೆಯ ಪ್ರೋಟೀನು ಹೆಚ್ಚುವುದಿಲ್ಲ. ಪೇಟೆಯವರು ಕೆಂಪು ಭಂಡಾರ ನೋಡಿ ಎರಡು ರೂಪಾಯಿ ಜಾಸ್ತಿ ಕೊಟ್ಟರೆ ಸಂತೋಷದಿಂದ ತೆಗೆದುಕೊಳ್ಳಿ, ಅಷ್ಟೇ.

ಈಗ ಪ್ರೋಟೀನಿನ ಲೆಕ್ಕಕ್ಕೆ ಬನ್ನಿ. ಒಂದು ಕಿಲೋ ಒಳ್ಳೆಯ ಸ್ಪಿರುಲಿನ ಪುಡಿಯಲ್ಲಿ ಸುಮಾರು 600 ಗ್ರಾಂ ಪ್ರೋಟೀನು. ಕಡಲೆಕಾಯಿ ಹಿಂಡಿಯಲ್ಲಿ ನೂರಕ್ಕೆ 40ರ ಮೇಲಿರುತ್ತದೆ. ಅಂದರೆ ಒಂದೂವರೆ ಕಿಲೋ ಹಿಂಡಿಯಲ್ಲಿ ಅಷ್ಟೇ ಪ್ರೋಟೀನು ಸಿಕ್ಕಿತು. ಎರಡರ ಬೆಲೆಯನ್ನೂ ಬಲ್ಲ ನಿಮಗೆ ನಾನು ಹೇಳಬೇಕಾದದ್ದಿಲ್ಲ. ಹಿಂಡಿಗೆ ಬೂಸ್ಟು ಹಿಡಿದಿರಬಾರದು, ಅದೊಂದು ಎಚ್ಚರ ಇರಲಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದೇ ಸತ್ತವು. ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾದದ್ದು ಹಾಗೆ. ಅದೇ ಹಿಂಡಿ ಹಸುವಿಗೆ ಹಾಕಿದರೆ ವಿಷದ ಒಂದು ಅಂಶ ಹಾಲಿಗೂ ಇಳಿಯುತ್ತದೆ.

ಪುಡಿಯನ್ನು ನೂರಕ್ಕೆ ಒಂದರಂತೆ ಹಾಕಿದರೆ, ದಿನಕ್ಕೆ 110 ಗ್ರಾಂ ಮೇವು ತಿನ್ನುವ ಕೋಳಿಗೆ ಒಂದು ಗ್ರಾಮಿಗಿಂತ ಸ್ವಲ್ಪ ಹೆಚ್ಚು ಪುಡಿ ಬೇಕು. ಒಂದು ಕಿಲೋ ಪುಡಿ ಹತ್ತು ಕೋಳಿಗೆ ಮೂರು ತಿಂಗಳು ಬರುತ್ತದೆ. ವರ್ಷಕ್ಕೆ 60 ಮೊಟ್ಟೆ ಇಡುವ ನಾಟಿ ಹೇಂಟೆಗಳಾದರೆ ಆ ಮೂರು ತಿಂಗಳಲ್ಲಿ ಹತ್ತೂ ಸೇರಿ 150 ಮೊಟ್ಟೆ. ಡಬ್ಬಿಯ ಬೆಲೆಯನ್ನು 150ರಿಂದ ಭಾಗಿಸಿ ನೋಡಿ, ಒಂದು ಮೊಟ್ಟೆಯ ಮೇಲೆ ಪುಡಿಯ ಖರ್ಚೆಷ್ಟು ಬಿತ್ತು ಎಂದು ತಿಳಿಯುತ್ತದೆ. ಮಾರುವವರ ಎದುರಿಗೇ ಈ ಲೆಕ್ಕ ಮಾಡಿ.

“ದಿನಕ್ಕೊಂದು ಮೊಟ್ಟೆ” ಎನ್ನುವ ಮಾತು ನಾಟಿ ಕೋಳಿಗೆ ಹೊಂದುವುದೇ ಇಲ್ಲ. ಹನ್ನೆರಡೋ ಹದಿನೈದೋ ಮೊಟ್ಟೆ ಇಟ್ಟು ಕಾವಿಗೆ ಕೂರುವುದು ಅದರ ಹುಟ್ಟುಗುಣ. ಯಾವ ಪುಡಿಯೂ ಅದನ್ನು ಎಬ್ಬಿಸದು. ಹೆಚ್ಚು ಮೊಟ್ಟೆ ಬೇಕಿದ್ದವರು ತಳಿ ಬದಲಿಸಬೇಕು. ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜದಂಥ ಹಿತ್ತಿಲ ತಳಿಗಳು ನಾಟಿ ಕೋಳಿಯ ಎರಡು ಪಟ್ಟಿಗೂ ಹೆಚ್ಚು ಮೊಟ್ಟೆ ಕೊಡುತ್ತವೆ. ಕಾವಿಗೆ ಮಾತ್ರ ಕೂರುವುದಿಲ್ಲ, ಮರಿ ಮಾಡಿಸಲು ನಾಟಿ ಹೇಂಟೆಯೇ ಬೇಕು. “ರೋಗವಿಲ್ಲ” ಎನ್ನುವುದೂ ಹಾಗೆಯೇ. ಕೊಕ್ಕರೆ ರೋಗ ಊರಿಗೆ ಬಂದರೆ ಲಸಿಕೆ ಹಾಕಿಸಿದ ಕೋಳಿ ಉಳಿಯುತ್ತದೆ. ಪುಡಿ ತಿಂದು ಲಸಿಕೆ ಇಲ್ಲದ ಕೋಳಿ ಸಾಯುತ್ತದೆ.

ಹಾಗಾದರೆ ಮೊಟ್ಟೆ ಕಡಿಮೆಯಾಗಲು, ತೊಗಲು ಮೊಟ್ಟೆ ಬೀಳಲು, ಕೋಳಿ ಕಾಲು ಸೋತು ಕೂರಲು ಕಾರಣವೇನು? ನಾನು ಕಂಡ ಹತ್ತು ಮನೆಗಳಲ್ಲಿ ಎಂಟರಲ್ಲಿ ಕಾರಣ ಸುಣ್ಣಾಂಶ, ಅಂದರೆ ಕ್ಯಾಲ್ಸಿಯಂ. ಇದನ್ನು ಹಸುವಿನ ಲೆಕ್ಕದಲ್ಲಿ ಹೇಳಿದರೆ ನಿಮಗೆ ಬೇಗ ತಿಳಿಯುತ್ತದೆ. ಕರು ಹಾಕಿದ ಹಸು ಹಾಲುಜ್ವರ ಬಂದು ಕತ್ತು ತಿರುಗಿಸಿ ಮಲಗಿಬಿಡುವುದನ್ನು ನೋಡಿದ್ದೀರಿ. ಹಾಲಿನೊಂದಿಗೆ ಕ್ಯಾಲ್ಸಿಯಂ ಹರಿದುಹೋಗಿ ರಕ್ತದಲ್ಲಿ ಕಡಿಮೆಯಾಗುವುದರಿಂದ ಹಾಗಾಗುತ್ತದೆ. ಒಂದು ಲೀಟರ್ ಹಾಲಿನಲ್ಲಿ ಇರುವುದು ಸುಮಾರು 1.2 ಗ್ರಾಂ. ಹತ್ತು ಲೀಟರ್ ಕೊಡುವ 400 ಕಿಲೋ ತೂಕದ ಹಸು ದಿನಕ್ಕೆ 12 ಗ್ರಾಂ ಹೊರಗೆ ಹಾಕುತ್ತದೆ. ಒಂದೂವರೆ ಕಿಲೋ ತೂಗುವ ಹೇಂಟೆ ಒಂದು ಸಣ್ಣ ಮೊಟ್ಟೆಯ ಚಿಪ್ಪಿನಲ್ಲೇ ಸುಮಾರು ಒಂದೂವರೆ ಗ್ರಾಂ ಹೊರಗೆ ಹಾಕುತ್ತದೆ. ತೂಕಕ್ಕೆ ತೂಕ ಹೋಲಿಸಿ: ಕೋಳಿಯದು ಹಸುವಿನ ಮೂವತ್ತು ಪಟ್ಟಿಗೂ ಹೆಚ್ಚಾಯಿತು!

“ನಮ್ಮ ಕೋಳಿಗೆ ರಾಗಿ ಹಾಕುತ್ತೇವೆ, ರಾಗಿಯಲ್ಲಿ ಸುಣ್ಣ ಜಾಸ್ತಿ ಅಲ್ಲವೇ ಡಾಕ್ಟ್ರೇ” ಎಂದು ತಾಯಂದಿರು ಕೇಳುತ್ತಾರೆ. ಕಾಳುಗಳಲ್ಲಿ ರಾಗಿಯದೇ ಹೆಚ್ಚು, ಒಪ್ಪಿದೆ. ಆದರೂ 100 ಗ್ರಾಂ ರಾಗಿಯಲ್ಲಿ ಇರುವುದು ಒಂದು ಗ್ರಾಮಿನ ಮೂರನೇ ಒಂದು ಭಾಗ ಮಾತ್ರ. ಅದರಲ್ಲೂ ಎಲ್ಲವೂ ಕೋಳಿಯ ಮೈಗೆ ಹತ್ತುವುದಿಲ್ಲ. ಉಳಿದದ್ದನ್ನು ಕೋಳಿ ತನ್ನ ಮೂಳೆಯಿಂದಲೇ ಕರಗಿಸಿ ಚಿಪ್ಪಿಗೆ ಕೊಡುತ್ತದೆ. ಮೂಳೆ ಸವೆದಾಗ ಮೊದಲು ಚಿಪ್ಪು ತೆಳುವಾಗುತ್ತದೆ, ಆಮೇಲೆ ಮೊಟ್ಟೆ ನಿಲ್ಲುತ್ತದೆ, ಕೊನೆಗೆ ಕೋಳಿಯೇ ಕೂರುತ್ತದೆ. ಹಸಿರು ಪುಡಿಯ ಒಂದು ಗ್ರಾಮಿನಲ್ಲಿ ಬರುವ ಕ್ಯಾಲ್ಸಿಯಂ ಕೆಲವೇ ಮಿಲಿಗ್ರಾಂ. ಅದರಿಂದ ಚಿಪ್ಪಿನ ಒಂದು ಅಂಚೂ ಆಗದು. ಸಮುದ್ರದಲ್ಲಿ ಮೈಯೆಲ್ಲ ಸುಣ್ಣಗಟ್ಟಿದ ಒಂದು ಬಗೆಯ ಕೆಂಪು ಪಾಚಿ ಇದೆ, ಅದರ ಪುಡಿಯಲ್ಲಿ ಕ್ಯಾಲ್ಸಿಯಂ ಹೇರಳ. ಅದನ್ನು ದೂರದ ಕಡಲಿನಿಂದ ತರಿಸುವ ಬದಲು ಇಲ್ಲಿಯ ಸುಣ್ಣಕಲ್ಲಿನ ನುಚ್ಚು ಸಾಕು, ಕೆಲಸ ಒಂದೇ.

ಹೀಗೆ ಮಾಡಿ. ಕೋಳಿ ಆಹಾರದ ಅಂಗಡಿಯಲ್ಲಿ ಚಿಪ್ಪಿನ ನುಚ್ಚು ಅಥವಾ ಸುಣ್ಣಕಲ್ಲಿನ ನುಚ್ಚು ಸಿಗುತ್ತದೆ. ಕೆರೆಯಂಚಿನ ಕಪ್ಪೆಚಿಪ್ಪನ್ನು ತೊಳೆದು, ಒಣಗಿಸಿ, ಜೋಳದ ಕಾಳಿನ ಗಾತ್ರಕ್ಕೆ ಕುಟ್ಟಿದರೂ ಆಯಿತು. ಅಡುಗೆಗೆ ಒಡೆದ ಮೊಟ್ಟೆಯ ಚಿಪ್ಪನ್ನು ಬಾಣಲೆಯಲ್ಲಿ ಹುರಿದು ಪುಡಿಮಾಡಿ ಕೊಡಬಹುದು. ಹಸಿಯಾಗಿ ಎಸೆದರೆ ಕೋಳಿ ಮೊಟ್ಟೆ ಕುಕ್ಕಿ ಕುಡಿಯುವ ಚಾಳಿ ಕಲಿಯುತ್ತದೆ. ನುಚ್ಚನ್ನು ಮೇವಿಗೆ ಬೆರೆಸಬೇಡಿ. ಒಂದು ಮಡಕೆ ಓಡಿನಲ್ಲಿ ಬೇರೆಯಾಗಿ ಇಡಿ, ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ, ಹುಂಜಕ್ಕೂ ಮರಿಗಳಿಗೂ ಅದು ಬೇಡ. ಸಂಜೆ ಗೂಡು ಸೇರುವ ಮುಂಚೆ ಓಡು ತುಂಬಿರಲಿ, ಏಕೆಂದರೆ ಚಿಪ್ಪು ಹೆಚ್ಚಾಗಿ ಕಟ್ಟುವುದು ರಾತ್ರಿಯಲ್ಲಿ. ಎಲೆ ಅಡಿಕೆಯ ಸುಣ್ಣವನ್ನು ನೇರವಾಗಿ ಕೊಡಬೇಡಿ, ಬಾಯಿ ಗಂಟಲು ಸುಡುತ್ತದೆ. ಸುಣ್ಣದ ತಿಳಿನೀರು ಸುಡದಿದ್ದರೂ ಲೀಟರಿಗೆ ಒಂದು ಗ್ರಾಮಿನಷ್ಟೂ ಕ್ಯಾಲ್ಸಿಯಂ ಅದರಲ್ಲಿಲ್ಲ, ಕೋಳಿ ದಿನಕ್ಕೆ ಕುಡಿಯುವುದು ಕಾಲು ಲೀಟರ್ ನೀರು.

ಇದರ ಜೊತೆಗೆ ಒಂದು ಅಭ್ಯಾಸ ಬಿಡಬೇಕು. ಸಂಘದಿಂದ ತಂದ ಪಶು ಆಹಾರವನ್ನೇ ಒಂದು ಬೊಗಸೆ ಕೋಳಿಗೂ ಎರಚುತ್ತೀರಿ. ಪಶು ಆಹಾರವನ್ನು ಮೆಲುಕು ಹಾಕುವ ರಾಸುಗಳ ಹೊಟ್ಟೆಗೆಂದು ಮಾಡಿರುತ್ತಾರೆ. ಅದರಲ್ಲಿ ಯೂರಿಯಾ ಇರಬಹುದು, ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಪ್ರೋಟೀನು ಮಾಡಿಕೊಳ್ಳುತ್ತವೆ, ಕೋಳಿಗೆ ಆ ಶಕ್ತಿಯಿಲ್ಲ. ಕ್ಯಾಲ್ಸಿಯಂ ಕೂಡ ಮೊಟ್ಟೆಕೋಳಿಗೆ ಸಾಲದು. ಹಸುವಿನದು ಹಸುವಿಗೇ ಇರಲಿ.

ಪಾಚಿ ಪುಡಿ ಯಾರಿಗೆ ಬೇಕು ಎಂಬುದನ್ನೂ ಹೇಳಬೇಕಲ್ಲ. ಐನೂರು, ಸಾವಿರ ಕೋಳಿ ಸಾಕಿ, ಪೇಟೆಯ ಅಂಗಡಿಗೆ ವರ್ತನೆಯ ಮೇಲೆ ಮೊಟ್ಟೆ ಕೊಡುವವರು, ಭಂಡಾರದ ಬಣ್ಣಕ್ಕೆ ಬೆಲೆ ಕಟ್ಟುವ ಗಿರಾಕಿ ಇರುವವರು ಯೋಚಿಸಬಹುದು. ಸಮುದ್ರದ ಎಣ್ಣೆ ಪಾಚಿ ಎಂಬುದು ಇನ್ನೊಂದು ಬಗೆ. ಮುಚ್ಚಿದ ತೊಟ್ಟಿಗಳಲ್ಲಿ ಬೆಳೆಸುತ್ತಾರೆ. ಮೀನಿನೆಣ್ಣೆಯಲ್ಲಿರುವ ಒಮೇಗಾ-3 ಕೊಬ್ಬು ಅದರಲ್ಲಿದೆ, ಮೀನಿಗೂ ಅದು ಬರುವುದು ಮೂಲತಃ ಪಾಚಿಯಿಂದಲೇ. ಕೋಳಿಗೆ ಹಾಕಿದರೆ ಅದು ಭಂಡಾರಕ್ಕೆ ಇಳಿಯುತ್ತದೆ. ಪಟ್ಟಣಗಳಲ್ಲಿ ದುಬಾರಿ ಬೆಲೆಗೆ ಮಾರುವ ಒಮೇಗಾ ಮೊಟ್ಟೆಗಳಲ್ಲಿ ಕೆಲವು ಹೀಗೆ ಬಂದವು, ಕೆಲವು ಅಗಸೆ ಬೀಜದಿಂದ ಬಂದವು. ಆದರೆ ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ಯಾರೂ ನಿಮ್ಮ ಮಾತು ನಂಬಿ ಹೆಚ್ಚಿನ ಬೆಲೆ ಕೊಡುವುದಿಲ್ಲ. ಮನೆಮಂದಿ ತಿನ್ನುವುದಕ್ಕಾದರೆ ಅಗಸೆಯನ್ನು ಮೇವಿನಲ್ಲಿ ನೂರಕ್ಕೆ ಐದರಂತೆ ಬೆರೆಸಿ ನೋಡಿ, ಸಾಕು. ಹತ್ತಕ್ಕಿಂತ ಹೆಚ್ಚಾದರೆ ಮೊಟ್ಟೆಗೆ ಮೀನುವಾಸನೆ ಹತ್ತಬಹುದು.

ಅಜೋಲಾ ಗುಂಡಿ ಇರುವವರು ಅದನ್ನೂ ಪಾಚಿ ಎನ್ನುತ್ತೀರಿ. ಅದು ನೀರಿನಲ್ಲಿ ತೇಲುವ ಸಣ್ಣ ಜರಿಗಿಡ, ಅದರ ಎಲೆಯೊಳಗೆ ನೀಲಿ-ಹಸಿರು ಪಾಚಿ ಬಿಡಾರ ಮಾಡಿಕೊಂಡಿರುತ್ತದೆ, ಅಷ್ಟೇ ಸಂಬಂಧ. ಚೆನ್ನಾಗಿ ತೊಳೆದು ಕೋಳಿಗೆ ಒಂದೊಂದು ಹಿಡಿ ಹಾಕಿ. ಬಣ್ಣಕ್ಕೆ ಒಳ್ಳೆಯದು. ಆದರೆ ಅದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ನೀರು. ಕಾಳು ನಿಲ್ಲಿಸಿ ಅಜೋಲಾ ಒಂದನ್ನೇ ಹಾಕಿದರೆ ಕೋಳಿ ಬಡಕಲಾಗುತ್ತದೆ.

ಈಗ ನಾನು ಇಲ್ಲಿಗೆ ಬಂದ ಮುಖ್ಯ ಕಾರಣಕ್ಕೆ ಬರುತ್ತೇನೆ. ಡಬ್ಬಿಯ ಬೆಲೆ ಕೇಳಿದ ಮೇಲೆ ಕೆಲವರು, “ಪಾಚಿ ತಾನೆ, ಕೆರೆಯಲ್ಲಿ ಬೇಕಾದಷ್ಟಿದೆ, ಬಗ್ಗಿಸಿಕೊಂಡು ಒಣಗಿಸಿದರಾಯಿತು” ಎನ್ನುತ್ತಿದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ. ಸ್ಪಿರುಲಿನ ಸೋಡಾ ಬೆರೆಸಿದ ಕ್ಷಾರದ ನೀರಿನಲ್ಲಿ ಬೆಳೆಯುವಂಥದ್ದು, ಆ ನೀರಿನಲ್ಲಿ ಬೇರೆ ಪಾಚಿ ಹೆಚ್ಚಾಗಿ ನಿಲ್ಲುವುದಿಲ್ಲ. ನಮ್ಮ ಕೆರೆಗಳಲ್ಲಿ ಬೇಸಿಗೆಯಲ್ಲಿ ಏಳುವುದು ಬೇರೆಯೇ. ನೀರು ತಗ್ಗಿ, ಬಿಸಿಲು ಏರಿ, ಹೊಲದ ಗೊಬ್ಬರವೂ ಊರಿನ ಚರಂಡಿಯೂ ಬಂದು ಸೇರಿದಾಗ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕೆನೆ ಕಟ್ಟುತ್ತದೆ. ಮೈಕ್ರೋಸಿಸ್ಟಿಸ್ ಎಂಬ ಜಾತಿ ಅವುಗಳಲ್ಲೊಂದು. ಅದರ ವಿಷ ನೇರವಾಗಿ ಪಿತ್ತಜನಕಾಂಗವನ್ನು ಹಾಳುಮಾಡುತ್ತದೆ. ಕುದಿಸಿದರೆ ಆ ವಿಷ ಹೋಗುವುದಿಲ್ಲ, ಒಣಗಿಸಿದರೂ ಹೋಗುವುದಿಲ್ಲ.

ಇದು ಹೊಸ ಸುದ್ದಿಯಲ್ಲ. ಆಸ್ಟ್ರೇಲಿಯಾದ ಒಂದು ಸರೋವರದಲ್ಲಿ ಇಂಥ ಕೆನೆಯ ನೀರು ಕುಡಿದು ಕುರಿ, ಕುದುರೆ, ನಾಯಿಗಳು ಸತ್ತ ವರದಿ 1878ರಲ್ಲೇ ಅಚ್ಚಾಗಿದೆ. 2020ರಲ್ಲಿ ಆಫ್ರಿಕಾದ ಬೋಟ್ಸ್ವಾನಾದಲ್ಲಿ ಮುನ್ನೂರಕ್ಕೂ ಹೆಚ್ಚು ಆನೆಗಳು ಸತ್ತಾಗ ನೀರುಗುಂಡಿಗಳ ಪಾಚಿ ವಿಷವೇ ಕಾರಣವೆಂದು ಅಲ್ಲಿಯ ಸರ್ಕಾರ ಹೇಳಿತು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಸರೋವರದಿಂದ ಬಗ್ಗಿಸಿ ಒಣಗಿಸಿದ ಪಾಚಿಯನ್ನು ಮನುಷ್ಯರ ಆಹಾರವಾಗಿ ಮಾರುತ್ತಿದ್ದರು. ಅದರಲ್ಲಿ ಈ ವಿಷ ಬೆರೆಯುವ ಅಪಾಯವಿದ್ದುದರಿಂದ 1997ರಲ್ಲಿ ಅಲ್ಲಿಯ ಆಡಳಿತ ಮಿತಿ ಹಾಕಿತು: ಒಂದು ಗ್ರಾಮಿನಲ್ಲಿ ಒಂದು ಮೈಕ್ರೋಗ್ರಾಂ, ಅಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ. ಬರಿಗಣ್ಣಿನಿಂದ ಯಾರು ಅದನ್ನು ನೋಡಿ ಹೇಳಬಲ್ಲರು?

ಕೋಳಿಗಿಂತ ಮೊದಲು ನಿಮ್ಮ ಹಸು ಎಮ್ಮೆಗಳಿಗೆ ಇದರ ಅಪಾಯ ಹೆಚ್ಚು. ಗಾಳಿ ಕೆನೆಯನ್ನೆಲ್ಲ ತಳ್ಳಿ ಒಂದೇ ದಡದಲ್ಲಿ ಗುಡ್ಡೆ ಹಾಕುತ್ತದೆ, ರಾಸುಗಳು ನೀರಿಗಿಳಿಯುವುದು ಆ ದಡದಲ್ಲೇ ಆದರೆ ಕೆಲವು ಗಂಟೆಗಳಲ್ಲಿ ಸಾಯಬಹುದು. ಸುಸ್ತಾಗಿ ತೂರಾಡುವುದು, ಒಸಡು ಕಣ್ಣು ಬಿಳಿಚುವುದು, ರಕ್ತ ಬೆರೆತ ಭೇದಿ ಇವು ಲಕ್ಷಣಗಳು. ಇನ್ನೊಂದು ಬಗೆಯ ಪಾಚಿಯ ವಿಷ ನರಗಳಿಗೆ ಹತ್ತುತ್ತದೆ, ಆಗ ಸೆಳೆತ ಬಂದು ಉಸಿರು ಕಟ್ಟುತ್ತದೆ. ಇವಕ್ಕೆ ಪ್ರತಿವಿಷವಿಲ್ಲ. ಬದುಕಿ ಉಳಿದ ಎಚ್.ಎಫ್. ಮಿಶ್ರತಳಿ ಹಸುಗಳಲ್ಲಿ ಕೆಲವು ದಿನಗಳ ಮೇಲೆ ಬಿಸಿಲಿಗೆ ಬಿಳಿ ಮಚ್ಚೆಯ ಚರ್ಮ ಮಾತ್ರ ಸುಟ್ಟಂತೆ ಸುಲಿಯಬಹುದು, ಕರಿ ಮಚ್ಚೆ ಹಾಗೆಯೇ ಇರುತ್ತದೆ. ಕೆಟ್ಟ ಪಿತ್ತಜನಕಾಂಗದ ಗುರುತು ಅದು. ಹಾಲು ಇಳಿದೇ ಇರುತ್ತದೆ.

ಅನುಮಾನ ಬಂದರೆ ಒಂದು ಕಡ್ಡಿಯನ್ನು ನೀರಿಗೆ ಹಾಕಿ ಎತ್ತಿ. ನೂಲಿನಂತೆ, ಕೂದಲಿನಂತೆ ಜೋತುಬಿದ್ದರೆ ಅದು ಸಾಮಾನ್ಯ ಹಸಿರು ಪಾಚಿ ಇರಬಹುದು. ಬಣ್ಣದ ಡಬ್ಬಿಗೆ ಅದ್ದಿದಂತೆ ಕಡ್ಡಿಗೆ ಹಸಿರು ಹತ್ತಿದರೆ ರಾಸುಗಳನ್ನು ಆ ನೀರಿಗೆ ಬಿಡಬೇಡಿ. ಗಾಜಿನ ಸೀಸೆಯಲ್ಲಿ ನೀರು ತುಂಬಿ ಅಲುಗಾಡಿಸದೆ ಒಂದು ಗಂಟೆ ಇಟ್ಟಾಗ ಹಸಿರೆಲ್ಲ ಮೇಲಕ್ಕೆ ಬಂದು ನಿಂತರೂ ಹಾಗೆಯೇ. ಮುಟ್ಟಿದ ಕೈ ತೊಳೆದುಕೊಳ್ಳಿ. ಊರವರು ಸೇರಿ ಕೆರೆಗೆ ಮೈಲುತುತ್ತ ಹಾಕಿ ಪಾಚಿ ಕೊಲ್ಲುವ ಯೋಚನೆ ಮಾಡಿದರೆ ತಡೆಯಿರಿ. ಸತ್ತ ಪಾಚಿ ಒಡೆದು ಒಳಗಿದ್ದ ವಿಷವೆಲ್ಲ ಒಮ್ಮೆಗೇ ನೀರಿಗೆ ಬರುತ್ತದೆ, ಕಣ್ಣಿಗೆ ಮಾತ್ರ ನೀರು ತಿಳಿಯಾಗಿ ಕಾಣುತ್ತದೆ. ಕೆರೆ ತಿಳಿಯಾಗುವವರೆಗೆ ಮನೆಯ ತೊಟ್ಟಿಯಲ್ಲೇ ನೀರು ಕುಡಿಸಿ, ಕೋಳಿಗಳನ್ನೂ ಆ ದಡಕ್ಕೆ ಬಿಡಬೇಡಿ. ರಾಸು ಸತ್ತರೆ ಹೂಳುವ ಮುಂಚೆ ಪಶುವೈದ್ಯರಿಗೆ ತಿಳಿಸಿ. ಶವಪರೀಕ್ಷೆಯ ವರದಿಯಿಲ್ಲದೆ ವಿಮೆಯ ಹಣವೂ ಬರುವುದಿಲ್ಲ.

ಈಗಾಗಲೇ ಡಬ್ಬಿ ಕೊಂಡಿರುವವರು ಎಸೆಯಬೇಕಾಗಿಲ್ಲ. ತಯಾರಕರ ಹೆಸರು ವಿಳಾಸ, ತಯಾರಿಸಿದ ತಾರೀಕು, ಒಳಗೇನಿದೆ, ಪ್ರೋಟೀನು ಎಷ್ಟು ಎಂದು ಅಚ್ಚು ಹಾಕಿದ್ದರೆ ಬಳಸಿ, ಬರಿಯ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟ ಪುಡಿಯಾದರೆ ಬೇಡ. ಹತ್ತು ಕೋಳಿಗೆ ದಿನಕ್ಕೆ 10 ಗ್ರಾಂ, ಸ್ವಲ್ಪ ನೀರು ಚಿಮುಕಿಸಿದ ತೌಡಿನಲ್ಲಿ ಕಲಸಿ ಆಗಿಂದಾಗಲೇ ತಿನ್ನಿಸಿ. ಬಿಸಿಲಿಗೆ ಇಟ್ಟರೆ ಬಣ್ಣದ ಸತ್ವ ಹೋಗುತ್ತದೆ, ಆದ್ದರಿಂದ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ಕತ್ತಲೆಯ ಕಪಾಟಿನಲ್ಲಿಡಿ. ಜೊತೆಗೆ ಆ ಮಡಕೆ ಓಡನ್ನು ಇಂದು ಸಂಜೆಯೇ ಇಡಿ. ಚಹಾ ಆದಮೇಲೆ ಕೊಕ್ಕರೆ ರೋಗದ ಲಸಿಕೆಗೆ ಯಾವ ಯಾವ ಸಂಘದವರು ಹೆಸರು ಕೊಡುತ್ತೀರಿ ಎಂದು ಬರೆದುಕೊಳ್ಳುತ್ತೇನೆ.